ಶುಗರ್ ಇದ್ದವರಿಗೆ, ದಪ್ಪ ಇದ್ದವರಿಗೆ ಕೊರೊನಾ ಯಾಕೆ ಅಷ್ಟು ಜೋರಾಗಿ ಬಂತು?

ತಿಪಟೂರಿನವ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 64 ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷ ಆಯ್ತು, ಬಿಪಿಯೂ ಇದೆ. ತೂಕ 88 ಕಿಲೋ, ಎತ್ತರ ಐದಡಿ ಐದಿಂಚು. ಮಾತ್ರೆ ತಪ್ಪಿಸಲ್ಲ, ಆದರೆ ಊಟ ಅವರಿಗೆ ಬೇಕಾದ ಹಾಗೆಯೇ. ಕೊರೊನಾ ಅಲ್ಲೊಂದು ಇಲ್ಲೊಂದು ಮತ್ತೆ ಕಾಣಿಸ್ತಿದೆ ಅಂತ ಟಿವಿಯಲ್ಲಿ ಬಂದಾಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ.

2021ರ ಏಪ್ರಿಲ್-ಮೇನಲ್ಲಿ ನಮ್ಮ ಬೀದಿಯಲ್ಲೇ ಮೂರು ಜನ ಹೋದರು. ಮೂವರ ಬಗ್ಗೆಯೂ ಜನ ಆಡಿದ್ದು ಒಂದೇ ಮಾತು: "ಅವರಿಗೆ ಶುಗರ್ ಇತ್ತಲ್ಲ." ಅದಕ್ಕೂ ಮುಂಚೆ, 2020ರಲ್ಲಿ, ಆರೋಗ್ಯ ಇಲಾಖೆಯ ಬುಲೆಟಿನ್ ದಿನಾ ನೋಡ್ತಿದ್ದೆ. ತೀರಿಕೊಂಡವರ ವಯಸ್ಸಿನ ಪಕ್ಕದಲ್ಲಿ ಡಿಎಂ, ಎಚ್‌ಟಿಎನ್ ಅಂತ ಇರ್ತಿತ್ತು, ಅಂದರೆ ಶುಗರ್, ಬಿಪಿ. ಅದನ್ನು ಓದಿ ಓದಿ ಶುಗರ್ ಇದ್ದ ಮೇಲೆ ಮುಗೀತು ಅನ್ನೋ ಭಾವನೆ ನಮ್ಮ ಮನೆಯಲ್ಲಿ ಬೇರೂರಿಬಿಟ್ಟಿದೆ.

ನನಗೆ ತಿಳಿಯಬೇಕಾಗಿರೋದು ಇಷ್ಟು. ಶುಗರ್ ಇದ್ದವರಿಗೆ ಕೊರೊನಾ ಬೇಗ ಅಂಟುತ್ತಾ, ಅಥವಾ ಅಂಟಿದ ಮೇಲೆ ಜೋರಾಗುತ್ತಾ? ತೊಂದರೆ ಕೊಡೋದು ಶುಗರೋ, ತೂಕವೋ? ಇನ್ನೊಂದು, ನನ್ನ ತಮ್ಮನಿಗೆ 34 ವರ್ಷ, 102 ಕಿಲೋ ಇದಾನೆ. "ನನಗೆ ಶುಗರ್ ಇಲ್ಲ, ವಯಸ್ಸೂ ಆಗಿಲ್ಲ, ನನ್ನ ಚಿಂತೆ ಬಿಡಿ" ಅಂತಾನೆ. ಬಿಡಬಹುದಾ?

ಮೈಸೂರು ಎಂಡೊ

ನಾನು ಡಯಾಬಿಟಿಸ್ ನೋಡುವ ಡಾಕ್ಟರ್. ಮೊದಲ ಎರಡು ಅಲೆಗಳಲ್ಲಿ ಕೋವಿಡ್ ವಾರ್ಡಿನಲ್ಲೇ ಇದ್ದೆ. ನಿಮ್ಮ ಪ್ರಶ್ನೆಗಳು ಸರಿಯಾಗಿವೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಂಟುವ ವಿಷಯದಲ್ಲಿ ಶುಗರ್ ಇದ್ದವರಿಗೂ ಇಲ್ಲದವರಿಗೂ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಎದ್ದು ಕಂಡದ್ದು ಅಂಟಿದ ಮೇಲೆ. ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನಿಂದ ಮೇ ನಡುವೆ ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕ ತೆಗೆದರು. 23,698 ಜನ. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಡಯಾಬಿಟಿಸ್ ಇದ್ದವರು. ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಅಷ್ಟೇನೂ ಇಲ್ಲ.

ಆದರೆ ಎಲ್ಲ ಶುಗರೂ ಒಂದೇ ಅಲ್ಲ. ಅಲ್ಲಿಯದೇ ಇನ್ನೊಂದು ಅಧ್ಯಯನ ಓಪನ್‌ಸೇಫ್ಲಿ ಅಂತ, 1.7 ಕೋಟಿಗೂ ಹೆಚ್ಚು ವಯಸ್ಕರ ದಾಖಲೆ ನೋಡಿದ್ದು. ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7.5ರ ಒಳಗಿದ್ದ ಡಯಾಬಿಟಿಸ್‌ನವರಿಗೆ ಸಾವಿನ ಅಪಾಯ ಉಳಿದವರಿಗಿಂತ 1.3 ಪಟ್ಟು, ಅದಕ್ಕಿಂತ ಮೇಲಿದ್ದವರಿಗೆ 1.95 ಪಟ್ಟು. ವಯಸ್ಸು ಮತ್ತು ಬೇರೆ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲಿನ ಅಂಕಿ ಇದು. ಚೀನಾದ ಹುಬೇ ಪ್ರಾಂತ್ಯದಲ್ಲಿ ಟೈಪ್ 2 ಡಯಾಬಿಟಿಸ್ ಇದ್ದ 952 ಕೋವಿಡ್ ರೋಗಿಗಳನ್ನು ನೋಡಿದಾಗ, ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಶುಗರ್ 70ರಿಂದ 180ರ ಒಳಗಿದ್ದವರಲ್ಲಿ ಸತ್ತವರು ನೂರಕ್ಕೆ ಒಬ್ಬರಷ್ಟು. ಅದರ ಮೇಲೆ ಹೋದವರಲ್ಲಿ ನೂರಕ್ಕೆ 11.

ನಾನು ಬಂದವರಿಗೆಲ್ಲ ಹೇಳೋದು ಇದನ್ನೇ. ನಿಮಗೆ ಶುಗರ್ ಇದೆ ಅನ್ನೋದನ್ನು ಬದಲಾಯಿಸೋಕೆ ಆಗಲ್ಲ. ಕಾಯಿಲೆ ಬಿದ್ದ ಆ ಹತ್ತು ದಿನ ಶುಗರ್ ಎಷ್ಟಿರುತ್ತೆ ಅನ್ನೋದನ್ನು ಬದಲಾಯಿಸಬಹುದು. "ಶುಗರ್ ಇತ್ತಲ್ಲ" ಅಂತ ಮಾತು ಮುಗಿಸಿಬಿಟ್ಟರೆ ಆ ಹತ್ತು ದಿನದಲ್ಲಿ ಏನೇನು ಆಯ್ತು ಅಂತ ಯಾರೂ ಕೇಳುವುದೇ ಇಲ್ಲ.

ಯಾಕೆ ಜೋರಾಗುತ್ತೆ? ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ವಿರುದ್ಧ ಮೊದಲು ಓಡಿಬರಬೇಕಾದ ಬಿಳಿ ರಕ್ತಕಣಗಳು ಮಂಕಾಗ್ತವೆ. ವೈರಸ್ ಬೇಗ ತೊಲಗಲ್ಲ. ತೊಲಗದೇ ಇದ್ದಾಗ ದೇಹ ಉರಿಯೂತವನ್ನು ಇನ್ನಷ್ಟು ಏರಿಸುತ್ತೆ. ಉರಿಯೂತ ಏರಿದರೆ ಇನ್ಸುಲಿನ್ ಕೆಲಸ ಮಾಡಲ್ಲ, ಶುಗರ್ ಮತ್ತೆ ಏರುತ್ತೆ. ಒಂದನ್ನೊಂದು ತಳ್ಳಿಕೊಂಡು ಹೋಗ್ತವೆ. ಜೊತೆಗೆ ವರ್ಷಗಟ್ಟಲೆ ಶುಗರ್ ಇದ್ದವರ ರಕ್ತನಾಳದ ಒಳಪದರ ಮೊದಲೇ ಸವೆದಿರುತ್ತೆ. ಕೋವಿಡ್ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಎರಡೂ ಸೇರಿದರೆ ಶ್ವಾಸಕೋಶ, ಹೃದಯ, ಕಿಡ್ನಿ ಮೂರಕ್ಕೂ ಹೊಡೆತ.

ತೂಕದ ಬಗ್ಗೆ ರಾತ್ರಿ ಡ್ಯೂಟಿ ಮುಗಿಸಿ ಬರೀತೀನಿ.

ಐಸಿಯು ಸಿಸ್ಟರ್ ಮಂಗಳೂರು

ತೂಕದ ಬಗ್ಗೆ ನಾನು ಹೇಳ್ತೇನೆ ಡಾಕ್ಟ್ರೇ, ಕೈಯಾರೆ ನೋಡಿದ್ದೇನೆ.

ಕೋವಿಡ್ ರೋಗಿಗಳನ್ನು ಬೋರಲು ಮಲಗಿಸುತ್ತಿದ್ದೆವಲ್ಲ, ಶ್ವಾಸಕೋಶದ ಹಿಂಬದಿಗೂ ಗಾಳಿ ಹೋಗಲಿ ಅಂತ. ವೆಂಟಿಲೇಟರಿನಲ್ಲಿ ಇರುವವರನ್ನು ಬೋರಲು ಹಾಕುವುದೆಂದರೆ ಒಬ್ಬರು ತಲೆ ಮತ್ತು ಬಾಯಿಯ ಟ್ಯೂಬ್ ಹಿಡಿಯಬೇಕು, ಉಳಿದವರು ಎರಡೂ ಬದಿ ನಿಂತು ಬೆಡ್‌ಶೀಟ್ ಸುರುಳಿ ಸುತ್ತಿ ಒಟ್ಟಿಗೆ ತಿರುಗಿಸಬೇಕು. ಟ್ಯೂಬ್ ಒಂದಿಂಚು ಜಾರಿದರೂ ಅನಾಹುತ. ಅರುವತ್ತು ಕಿಲೋದವರಿಗೆ ನಾಲ್ಕೈದು ಜನ ಸಾಕಿತ್ತು, ನೂರು ದಾಟಿದವರಿಗೆ ಏಳೆಂಟು ಜನ ಬೇಕಾಗ್ತಿತ್ತು, ಅದೂ ಪಿಪಿಇ ಹಾಕಿಕೊಂಡು. ಎದೆಗೆ, ಸೊಂಟಕ್ಕೆ ದಿಂಬು ಕೊಟ್ಟು ಹೊಟ್ಟೆ ಹಾಸಿಗೆಗೆ ಒತ್ತದ ಹಾಗೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹೊಟ್ಟೆಯೇ ವಪೆಯನ್ನು (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ತಳ್ಳಿ ಶ್ವಾಸಕೋಶದ ಕೆಳಭಾಗ ಮುಚ್ಚಿಹೋಗ್ತದೆ. ಅಂಗಾತ ಮಲಗಿದಾಗಲೂ ಅದೇ ತೊಂದರೆ. ಕೆಲವರಿಗೆ ಕೂತಾಗ ಆಕ್ಸಿಜನ್ 93, ಅಂಗಾತ ಮಲಗಿಸಿದ ಕೂಡಲೇ 86.

ಶುಗರ್ ಇದ್ದವರದ್ದು ಇನ್ನೊಂದು. ಇನ್ಸುಲಿನ್ ಡ್ರಿಪ್ ಹಾಕಿದರೆ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಲೇಬೇಕು. ಹತ್ತು ಬೆರಳುಗಳ ತುದಿಯೂ ಚುಕ್ಕಿ ಚುಕ್ಕಿಯಾಗಿ ಕಪ್ಪಾಗ್ತಿದ್ದವು. ಒಬ್ಬ ಸಿಸ್ಟರ್‌ಗೆ ಇಷ್ಟೇ ರೋಗಿ ಅಂತ ಇದ್ದರೆ ಅದು ನಡೀತದೆ. ಮೇ ತಿಂಗಳಲ್ಲಿ ಒಬ್ಬೊಬ್ಬರ ಕೈಯಲ್ಲಿ ಎಷ್ಟು ಬೆಡ್ ಇತ್ತು ಅಂತ ಈಗ ಬರೆದರೆ ನಂಬ್ಲಿಕ್ಕಿಲ್ಲ ಮಾರಾಯ್ರೆ. ಶುಗರ್ ಹಿಡಿತದಲ್ಲಿ ಇಡುವುದಕ್ಕೆ ಔಷಧಿ ಮಾತ್ರ ಸಾಲದು, ಕೈಗಳು ಬೇಕು. ಎರಡನೇ ಅಲೆಯಲ್ಲಿ ಇಲ್ಲದೇ ಹೋದದ್ದು ಅದೇ.

ಧಾರವಾಡದಾಕಿ

ಎಲ್ಲಾರೂ ದಪ್ಪ ಇದ್ದವರ ಬಗ್ಗೆ ಬರಿಯಾಕತ್ತೀರಿ. ನಮ್ಮವ್ವ 48 ಕಿಲೋ ಇದ್ಲು. ಆಕಿಗೆ ಶುಗರ್ ಐತಿ ಅಂತ ನಮಗ ಗೊತ್ತ ಇರಲಿಲ್ಲ, ಯಾವತ್ತೂ ಚೆಕ್ ಮಾಡಿಸಿರಲಿಲ್ಲ.

2021ರ ಮೇ. ಜ್ವರ ಬಂದು ಎರಡನೇ ದಿನ, ಆಕ್ಸಿಜನ್ 97 ಇತ್ತು. ಹತ್ತಿರದ ಡಾಕ್ಟರ ಕಡೆ ತೋರಿಸಿದ್ವಿ. ಗುಳಗಿ ಒಳಗ ಸ್ಟೆರಾಯ್ಡ್ ಇತ್ತು ಅಂತ ಆಮ್ಯಾಲ ತಿಳೀತು. ಶುಗರ್ ನೋಡ್ರಿ ಅಂತ ಯಾರೂ ಹೇಳಲಿಲ್ಲ. ಜ್ವರ ಇಳೀತು, ಆಕಿನೂ ಎದ್ದು ಕೂತ್ಲು. ಕೊರೊನಾ ಹೋತು ಅಂತ ನಿರಾಳ ಆಗಿದ್ವಿ. ಎರಡು ವಾರದ ಮ್ಯಾಲ ಒಂದು ಬದಿ ಗಲ್ಲ ನೋವು, ಹಲ್ಲು ನೋವು ಅಂದ್ಲು. ಹಲ್ಲಿನದ ಇರಬೇಕು ಅಂತ ನಾವು. ಮೂಗಿನ್ಯಾಗಿಂದ ಕರ್ರಗ ಬರಾಕತ್ತಿತು, ಕಣ್ಣು ಬಾತು ಮುಚ್ಚಿಕೊಂಡು ಹೋತು. ದೊಡ್ಡ ಆಸ್ಪತ್ರಿಗೆ ಒಯ್ದಾಗ ಶುಗರ್ 480.

ಬ್ಲಾಕ್ ಫಂಗಸ್. ಆಪರೇಶನ್ ಮಾಡಿ ಎಡಗಣ್ಣು ತಗದ್ರು. ಆ ಇಂಜೆಕ್ಷನ್ ಸಲುವಾಗಿ ನಮ್ಮಣ್ಣ ಅಡ್ಡಾಡಿದ್ದು ಆ ದೇವರಿಗೇ ಗೊತ್ತು, ದಿನಕ್ಕ ಎಷ್ಟು ವೈಲ್ ಸಿಗತಾವ ಅನ್ನೋದರ ಮ್ಯಾಲ ಆಕಿ ಜೀವ ನಿಂತಿತ್ತು. ಅವ್ವ ಉಳದಾಳ. ಮನಿ ಕೆಲಸ ಎಲ್ಲಾ ಮಾಡತಾಳ. ಆದ್ರ "ನಿಮ್ಮ ತಾಯಿಗೆ ಶುಗರ್ ಇತ್ತಲ್ಲ, ಅದಕ್ಕ ಹಂಗಾತು" ಅಂತ ಯಾರರ ಅಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ.

ಮೈಸೂರು ಎಂಡೊ

ಅಕ್ಕ, ನೀವು ಬರೆದಿದ್ದಕ್ಕೆ ಋಣಿ. ಅಮ್ಮನಿಗೆ ಆಗಿದ್ದು ಬರೀ ಶುಗರ್‌ನಿಂದ ಅಲ್ಲ. ಇದನ್ನು ಬಿಡಿಸಿ ಹೇಳಲೇಬೇಕು.

ಸ್ಟೆರಾಯ್ಡ್ ಕೋವಿಡ್‌ನಲ್ಲಿ ಜೀವ ಉಳಿಸಿದ ಔಷಧಿ, ಅದರಲ್ಲಿ ಸಂಶಯ ಇಲ್ಲ. 2020ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನವರ ರಿಕವರಿ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದು ಭಾಗ ಕಡಿಮೆ ಆಯ್ತು, ಆಕ್ಸಿಜನ್ ಮೇಲಿದ್ದವರದ್ದು ಐದನೇ ಒಂದು ಭಾಗ. ಆಕ್ಸಿಜನ್ ಬೇಡದವರಿಗೆ ಏನೂ ಲಾಭ ಇಲ್ಲ, ತೊಂದರೆಯೇ ಆಗಿರಬಹುದು ಅಂತಲೂ ಅದೇ ವರದಿಯಲ್ಲಿ ಇತ್ತು. ನಮ್ಮಲ್ಲಿ ಮೊದಲ ಅರ್ಧವನ್ನು ಓದಿಕೊಂಡವರು ಎರಡನೇ ಅರ್ಧವನ್ನು ಬಿಟ್ಟುಬಿಟ್ಟರು. ಜ್ವರ ಬಂದ ಎರಡನೇ ದಿನ, 97 ಆಕ್ಸಿಜನ್ ಇದ್ದಾಗ, ವೈರಸ್ ಇನ್ನೂ ಬೆಳೆಯುತ್ತಿರುವಾಗ ಸ್ಟೆರಾಯ್ಡ್ ಕೊಟ್ಟರೆ ಅದರ ವಿರುದ್ಧದ ರಕ್ಷಣೆಯನ್ನೇ ತಗ್ಗಿಸಿದ ಹಾಗೆ. ಮೇಲಿಂದ ಅದು ಶುಗರ್ ಏರಿಸುತ್ತೆ. ಶುಗರ್ ಇಲ್ಲದವರಿಗೂ ಏರಿಸಬಹುದು, ಅಂಚಿನಲ್ಲಿದ್ದವರನ್ನು ಆಚೆ ತಳ್ಳುತ್ತೆ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನ ತಪ್ಪಿಸಿಕೊಂಡದ್ದು ಇಲ್ಲೇ. ಬೆಳಗ್ಗೆ ತಗೊಂಡ ಸ್ಟೆರಾಯ್ಡ್ ಮಾತ್ರೆ ಶುಗರ್ ಏರಿಸೋದು ಮುಖ್ಯವಾಗಿ ಮಧ್ಯಾಹ್ನದ ಊಟದ ನಂತರ, ಸಂಜೆ ಹೊತ್ತಿಗೆ. ಖಾಲಿ ಹೊಟ್ಟೆಯದ್ದು ಮಾತ್ರ ನೋಡಿ 110 ಇದೆ ಅಂತ ಸಮಾಧಾನಪಟ್ಟುಕೊಂಡವರಿಗೆ ಸಂಜೆ 350 ಇರ್ತಿತ್ತು.

ಬ್ಲಾಕ್ ಫಂಗಸ್ ತರುವ ಮ್ಯೂಕರ್ ಶಿಲೀಂಧ್ರ ಹೊಸದಲ್ಲ, ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಯಾವಾಗಲೂ ಇರುತ್ತೆ. ಎಲ್ಲರೂ ಉಸಿರಾಡ್ತೀವಿ. ಶುಗರ್ ವಿಪರೀತ ಏರಿ ರಕ್ತದಲ್ಲಿ ಆಮ್ಲ ಹೆಚ್ಚಿದಾಗ, ಪ್ರೊಟೀನಿಗೆ ಅಂಟಿಕೊಂಡಿರೋ ಕಬ್ಬಿಣ ಬಿಡುಗಡೆ ಆಗಿ ಆ ಶಿಲೀಂಧ್ರಕ್ಕೆ ಆಹಾರ ಆಗುತ್ತೆ. ಕೊರೊನಾಕ್ಕೆ ಮುಂಚೆಯೇ ಭಾರತದಲ್ಲಿ ಈ ಕಾಯಿಲೆ ಬೇರೆ ದೇಶಗಳಿಗಿಂತ ಸುಮಾರು 70 ಪಟ್ಟು ಹೆಚ್ಚು ಅಂತ ಅಂದಾಜಿತ್ತು, ಕಾರಣ ನಮ್ಮ ಹಿಡಿತ ತಪ್ಪಿದ ಡಯಾಬಿಟಿಸ್. ಕೋವಿಡ್ ಜೊತೆ ಬಂದ ಮ್ಯೂಕರ್‌ನ 101 ಪ್ರಕರಣ ಒಟ್ಟುಗೂಡಿಸಿ 2021ರಲ್ಲಿ ನೋಡಿದಾಗ 82 ಭಾರತದವು. ನೂರಕ್ಕೆ 80 ಜನರಿಗೆ ಡಯಾಬಿಟಿಸ್ ಇತ್ತು, ನೂರಕ್ಕೆ 76 ಜನರಿಗೆ ಸ್ಟೆರಾಯ್ಡ್ ಕೊಟ್ಟಿದ್ದರು. ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಕಾಯ್ದೆಯಡಿ ಅಧಿಸೂಚಿತ ಕಾಯಿಲೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಅದರ ಇಂಜೆಕ್ಷನ್ ಆಂಫೊಟೆರಿಸಿನ್ ವೈಲ್‌ಗಳನ್ನು ಸರ್ಕಾರವೇ ಹಂಚುವ ಸ್ಥಿತಿ ಬಂತು.

ನಿಮ್ಮ ಅಮ್ಮ ಬೆರಳಿಗೆ ಒಂದು ಸಲ ಚುಚ್ಚಿಸಿಕೊಂಡಿದ್ದರೆ ಎರಡು ವಾರ ಮೊದಲೇ ಗೊತ್ತಾಗ್ತಿತ್ತು. ಅದನ್ನು ಹೇಳಬೇಕಾಗಿದ್ದವರು ಅವರಲ್ಲ, ನಾವು, ಅಂದರೆ ಡಾಕ್ಟರುಗಳು.

ಶಿವಮೊಗ್ಗ ಮೆಡಿಕಲ್ಸ್

ಮೇಡಂ ಹೇಳಿದ್ದು ನಮ್ಮ ಅಂಗಡಿ ಕೌಂಟರಿನಲ್ಲಿ ಕಣ್ಣಾರೆ ಕಂಡಿದ್ದು. ಆಗ ಜನ ಚೀಟಿ ತರ್ತಿರಲಿಲ್ಲ, ಮೊಬೈಲಿನಲ್ಲಿ ಯಾರದೋ ಚೀಟಿಯ ಫೋಟೊ ತೋರಿಸ್ತಿದ್ದರು. "ನಮ್ಮ ಭಾವನಿಗೆ ಇದರಲ್ಲೇ ವಾಸಿ ಆಯ್ತು, ಇದನ್ನೇ ಕೊಡಿ." ಅದರಲ್ಲಿ ಸ್ಟೆರಾಯ್ಡ್ ಇರ್ತಿತ್ತು. ಮನೆಯಲ್ಲಿ ಯಾರಿಗೆ ಶುಗರ್ ಇದೆ ಅಂತ ಕೇಳಿದರೆ ಅರ್ಧ ಜನ ಗೊತ್ತಿಲ್ಲ ಅಂತಿದ್ದರು. ಡಾಕ್ಟರ್ ಹತ್ತಿರ ಮಾತಾಡಿಸಿ ಅಂತ ವಾಪಸ್ ಕಳಿಸಿದರೆ ಪಕ್ಕದ ಬೀದಿಗೆ ಹೋಗ್ತಿದ್ದರು.

ಆಕ್ಸಿಮೀಟರ್ ಮುಗಿದುಹೋಯ್ತು ಅಂತ ಎಲ್ಲರೂ ಗಲಾಟೆ ಮಾಡಿದರು. ಗ್ಲುಕೋಮೀಟರ್ ಸ್ಟ್ರಿಪ್ ಕೇಳಿಕೊಂಡು ಬಂದವರು ಬೆರಳೆಣಿಕೆ. ಅದೇ ಸಮಯದಲ್ಲಿ ಕಷಾಯಕ್ಕೆ ಅಂತ ಬೆಲ್ಲ, ಜೇನುತುಪ್ಪ ಹಾಕಿಕೊಂಡು ದಿನಕ್ಕೆ ಮೂರು ಸಲ ಕುಡಿಯೋರು ಶುಗರ್‌ನವರೇ. ಕಷಾಯ ಕುಡೀರಿ, ಬೆಲ್ಲ ಬಿಡಿ ಅಂತ ಹೇಳಿ ಹೇಳಿ ಗಂಟಲು ಒಣಗ್ತಿತ್ತು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನ ಅಂಕಿ ಬಂತಲ್ಲ, ಇಲ್ಲಿನದ್ದು ಸ್ವಲ್ಪ ಸೇರಿಸ್ತೀನಿ. ನಮ್ಮೂರು ಲೆಸ್ಟರ್‌ನಲ್ಲಿ ದಕ್ಷಿಣ ಏಷ್ಯಾದವರು ತುಂಬಾ ಜನ. 2020ರ ಬೇಸಿಗೆಯಲ್ಲಿ ದೇಶ ತೆರೆದರೂ ನಮ್ಮೂರಿಗೆ ಮಾತ್ರ ಲಾಕ್‌ಡೌನ್ ಮುಂದುವರಿದಿತ್ತು.

ತೂಕದ ವಿಷಯ ಇಲ್ಲಿ ದೊಡ್ಡದಾಗಿದ್ದು ಬೋರಿಸ್ ಜಾನ್ಸನ್ ಏಪ್ರಿಲ್‌ನಲ್ಲಿ ಐಸಿಯು ಸೇರಿ ವಾಪಸ್ ಬಂದ ಮೇಲೆ. ತಾನು ತುಂಬಾ ದಪ್ಪ ಇದ್ದೆ ಅಂತ ಪ್ರಧಾನಿಯೇ ಬಹಿರಂಗವಾಗಿ ಹೇಳಿದರು, ಜುಲೈನಲ್ಲಿ ಬೊಜ್ಜಿನ ವಿರುದ್ಧ ಸರ್ಕಾರದ ಕಾರ್ಯಕ್ರಮ ಶುರುವಾಯ್ತು. 2021ರ ಫೆಬ್ರುವರಿಯಲ್ಲಿ ವಯಸ್ಸು, ತೂಕ, ಶುಗರ್, ಜನಾಂಗ ಎಲ್ಲ ಕೂಡಿಸಿ ಲೆಕ್ಕ ಹಾಕಿ ಇನ್ನೂ 17 ಲಕ್ಷ ಜನರನ್ನು ಜಾಸ್ತಿ ಅಪಾಯದ ಪಟ್ಟಿಗೆ ಸೇರಿಸಿದರು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ದಾಟಿದವರಿಗೆ, ಡಯಾಬಿಟಿಸ್ ಇದ್ದವರಿಗೆ ವಯಸ್ಸು ಕಡಿಮೆ ಇದ್ದರೂ ಲಸಿಕೆ ಮೊದಲು ಸಿಕ್ಕಿತು.

ಅದೇ ಹೊತ್ತಿಗೆ ಊರಲ್ಲಿ ನನ್ನ ಅಕ್ಕ, 52 ವರ್ಷ, ಶುಗರ್ ಆರು ವರ್ಷದಿಂದ. ಮಾರ್ಚ್ 1ರಿಂದ 45 ದಾಟಿದ, ಕಾಯಿಲೆ ಇದ್ದವರಿಗೆ ಲಸಿಕೆ ಅಂತ ಹೇಳಿದಾಗ ಪಟ್ಟಿಯಲ್ಲಿ ಇದ್ದದ್ದು ಹತ್ತು ವರ್ಷ ದಾಟಿದ ಅಥವಾ ತೊಡಕು ಬಂದ ಡಯಾಬಿಟಿಸ್, ಜೊತೆಗೆ ಬಿಪಿಯೂ ಇರಬೇಕು. ಅವಳು ಅದರೊಳಗೆ ಬರಲಿಲ್ಲ. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ಅಂತ ಆದ ಮೇಲೆ ಸಾಲಿನಲ್ಲಿ ನಿಂತಳು. ಅಷ್ಟರಲ್ಲಿ ಎರಡನೇ ಅಲೆ ಬಾಗಿಲಿಗೆ ಬಂದಿತ್ತು. ಲಸಿಕೆ ಕೊರತೆ ಇತ್ತು, ಒಪ್ಪುತ್ತೇನೆ. ಆದರೂ ಹಿಡಿತ ತಪ್ಪಿದ ಶುಗರ್‌ಗೆ ವರ್ಷದ ಲೆಕ್ಕ ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಸಂಕಟ ಇದೆ.

ಬೆಳಗಾವಿ ಮಾಸ್ತರ

ನಾನು ಸಂಖ್ಯಾಶಾಸ್ತ್ರ ಕಲಿಸುವವ. ಎರಡು ವಿಷಯ ಕೇಳಬೇಕಾಗಿದೆ.

ಒಂದು, 2021ರ ಮಾರ್ಚ್‌ನಲ್ಲಿ ವಿಶ್ವ ಬೊಜ್ಜು ಒಕ್ಕೂಟದ ವರದಿ ಬಂದಾಗ ಪತ್ರಿಕೆಗಳು ದೊಡ್ಡದಾಗಿ ಬರೆದವು: ಆವರೆಗಿನ 25 ಲಕ್ಷ ಸಾವಿನಲ್ಲಿ 22 ಲಕ್ಷ ಆದದ್ದು ಅರ್ಧಕ್ಕಿಂತ ಹೆಚ್ಚು ಜನ ದಪ್ಪ ಇರುವ ದೇಶಗಳಲ್ಲಿ ಅಂತ. ಆ ದೇಶಗಳಲ್ಲಿ ಮುದುಕರೂ ಹೆಚ್ಚು, ಸಾವಿನ ಎಣಿಕೆಯೂ ಸರಿ ಇದೆ. ದೇಶ ದೇಶಗಳನ್ನು ಹೋಲಿಸಿ ತೂಕದ ಮೇಲೆ ತಪ್ಪು ಹೊರಿಸುವುದು ಎಷ್ಟು ಸರಿ? ಇನ್ನೊಂದು, ಹುಬೇ ಅಂಕಿಯಲ್ಲಿ 1ಕ್ಕೂ 11ಕ್ಕೂ ಇರುವ ಅಂತರವೆಲ್ಲ ಶುಗರ್‌ನದ್ದೇ ಅಂತ ಹೇಗೆ ಹೇಳುತ್ತೀರಿ? ಕಾಯಿಲೆ ಉಲ್ಬಣಿಸಿದವರಿಗೆ ಶುಗರ್ ತಾನಾಗಿಯೇ ಏರಿರಬಹುದಲ್ಲ?

ಮೈಸೂರು ಎಂಡೊ

ಮಾಸ್ತರೇ, ಎರಡೂ ಒಪ್ಪುವಂಥ ಮಾತು.

ಹುಬೇ ಅಂಕಿ ಕಾರಣವನ್ನು ಸಾಬೀತು ಮಾಡಲ್ಲ. ಗಂಭೀರ ಕಾಯಿಲೆಯಲ್ಲಿ ಒತ್ತಡದಿಂದ ಶುಗರ್ ಏರುತ್ತೆ, ಆ 11ರಲ್ಲಿ ಒಂದಷ್ಟು ಪಾಲು ಅದರದ್ದೇ. ಆದರೆ ಕಾಯಿಲೆ ಬರುವ ಮೊದಲಿನ ಎಚ್‌ಬಿಎ1ಸಿ ಇಟ್ಟುಕೊಂಡು ನೋಡಿದ ಇಂಗ್ಲೆಂಡಿನ ಲೆಕ್ಕದಲ್ಲೂ ದಿಕ್ಕು ಅದೇ, ಗಾತ್ರ ಚಿಕ್ಕದು. ಆಸ್ಪತ್ರೆಯಲ್ಲಿ 140ರಿಂದ 180ರ ನಡುವೆ ಇಡಿ ಅನ್ನೋದು ಕೋವಿಡ್‌ಗಿಂತ ಮುಂಚಿನಿಂದಲೂ ಇರುವ ಗುರಿ. ತೀರಾ ಬಿಗಿ ಮಾಡೋಕೆ ಹೋದರೆ ಶುಗರ್ ಲೋ ಆಗಿ ಅದೇ ಅಪಾಯ.

ದೇಶಗಳ ಹೋಲಿಕೆಯನ್ನು ನಾನೂ ನೆಚ್ಚಲ್ಲ. ವಯಸ್ಸಿನ ಮುಂದೆ ಉಳಿದದ್ದೆಲ್ಲ ಚಿಕ್ಕದು. ಓಪನ್‌ಸೇಫ್ಲಿಯಲ್ಲೇ ಐವತ್ತರ ಆಸುಪಾಸಿನವರಿಗಿಂತ 80 ದಾಟಿದವರಿಗೆ ಅಪಾಯ 20 ಪಟ್ಟು. ತೂಕದ ನಂಟು ತಿಳಿಯಬೇಕಾದರೆ ಒಂದೇ ದೇಶದೊಳಗೆ, ಒಂದೇ ವಯಸ್ಸಿನವರನ್ನು ನೋಡಬೇಕು. ಇಂಗ್ಲೆಂಡಿನಲ್ಲಿ 69 ಲಕ್ಷ ಜನರನ್ನು ಹಾಗೆ ನೋಡಿದ್ದಾರೆ. ಬಿಎಂಐ 23 ದಾಟಿದಲ್ಲಿಂದಲೇ ಆಸ್ಪತ್ರೆ ಸೇರುವ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಆ ಏರಿಕೆ ಕಡಿದಾಗಿ ಕಂಡದ್ದು 40ರ ಒಳಗಿನವರಲ್ಲಿ. ತಿಪಟೂರಿನವರೇ, ತಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. 34ರ ವಯಸ್ಸಿನಲ್ಲಿ ಸಾವಿನ ಅಪಾಯ ತುಂಬಾ ಕಡಿಮೆ, ಹೆದರಿಸಬೇಡಿ. ಆದರೆ ಅವನದೇ ವಯಸ್ಸಿನ ತೆಳ್ಳಗಿನವರ ಜೊತೆ ಹೋಲಿಸಿದರೆ ತೂಕ ಲೆಕ್ಕಕ್ಕೆ ಬರುತ್ತೆ.

ಸಿಸ್ಟರ್ ಹೇಳಿದ ಉಸಿರಾಟದ ತೊಂದರೆ ಒಂದು ಕಡೆ. ಇನ್ನೊಂದು ಕಡೆ, ಕೊಬ್ಬು ಸುಮ್ಮನೆ ಕೂತಿರುವ ವಸ್ತು ಅಲ್ಲ, ಸದಾ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಿರುತ್ತೆ. ಕೊರೊನಾ ವೈರಸ್ ಕೊಬ್ಬಿನ ಜೀವಕೋಶಗಳಿಗೂ, ಅಲ್ಲಿರೋ ರಕ್ಷಣಾ ಕೋಶಗಳಿಗೂ ನೇರವಾಗಿ ಸೋಂಕು ತಗಲಿಸುತ್ತೆ ಅಂತ ಸ್ಟ್ಯಾನ್‌ಫರ್ಡ್‌ನವರು ತೋರಿಸಿದ್ದಾರೆ.

ಧಾರವಾಡದ ಅಕ್ಕ ಎತ್ತಿದ ಮಾತು ನಮ್ಮ ದೇಶಕ್ಕೆ ತುಂಬಾ ಮುಖ್ಯ. ನಮ್ಮವರಲ್ಲಿ ತೂಕ ಕಡಿಮೆ ಇದ್ದರೂ ಹೊಟ್ಟೆಯೊಳಗೆ, ಲಿವರ್ ಸುತ್ತ ಕೊಬ್ಬು ಕೂತಿರುತ್ತೆ, ಸ್ನಾಯು ಕಡಿಮೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್, 13.6 ಕೋಟಿ ಜನ ಅದರ ಅಂಚಿನಲ್ಲಿ. ಹೊಟ್ಟೆಯ ಬೊಜ್ಜು ನೂರಕ್ಕೆ 39.5 ಜನರಿಗೆ.

ಲೆಸ್ಟರ್ ಕನ್ನಡಿಗ

ಇಲ್ಲಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2022ರಿಂದ ಒಂದು ಸುಲಭದ ಅಳತೆ ಹೇಳ್ತಿದೆ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಟೇಪ್ ಬೇಕಿಲ್ಲ, ಒಂದು ದಾರ ಸಾಕು. ಎತ್ತರದಷ್ಟು ದಾರ ತಗೊಂಡು ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ ನೋಡಿ.

ಬೆಂಗಳೂರು 41

ನನ್ನದು ಉಲ್ಟಾ ಪ್ರಕರಣ. ಕೊರೊನಾ ಬರೋ ತನಕ ಶುಗರ್ ಇರಲಿಲ್ಲ, ಆಫೀಸಿನ ವಾರ್ಷಿಕ ಚೆಕಪ್‌ನಲ್ಲಿ ಎಲ್ಲ ನಾರ್ಮಲ್. ಜ್ವರ ಬಂದು ಹೋಗಿ ಎಂಟು ತಿಂಗಳ ಮೇಲೆ ಪದೇಪದೇ ಬಾಯಾರಿಕೆ, ಎಚ್‌ಬಿಎ1ಸಿ 8.1. ಆಸ್ಪತ್ರೆಗೆ ಸೇರಿರಲಿಲ್ಲ, ಸ್ಟೆರಾಯ್ಡೂ ತಗೊಂಡಿಲ್ಲ. ಇದು ಕೊರೊನಾದಿಂದ ಬಂತಾ?

ಮೈಸೂರು ಎಂಡೊ

ಒಬ್ಬ ವ್ಯಕ್ತಿಯಲ್ಲಿ ಇದರಿಂದಲೇ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಆದರೆ ನಿಮ್ಮ ಅನುಮಾನ ಸುಳ್ಳಲ್ಲ. ಅಮೆರಿಕದ ನಿವೃತ್ತ ಸೈನಿಕರ ಆರೋಗ್ಯ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿಡ್ ಬಂದವರಿಗೆ ಮುಂದಿನ ಒಂದು ವರ್ಷದಲ್ಲಿ ಹೊಸದಾಗಿ ಡಯಾಬಿಟಿಸ್ ಬರುವ ಸಾಧ್ಯತೆ ಬಾರದವರಿಗಿಂತ ಶೇ. 40ರಷ್ಟು ಹೆಚ್ಚಿತ್ತು. ಸಾವಿರ ಜನಕ್ಕೆ ಹೆಚ್ಚುವರಿಯಾಗಿ 13 ಚಿಲ್ಲರೆ ಜನ. ವೈರಸ್ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿಗೂ ಹೋಗಬಲ್ಲದು ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಲಾಕ್‌ಡೌನ್‌ನಲ್ಲಿ ನಡಿಗೆ ನಿಂತು ತೂಕ ಏರಿದ್ದೂ ಸೇರಿರುತ್ತೆ. ಕಾರಣ ಏನೇ ಇರಲಿ, ನಿಮ್ಮ ಚಿಕಿತ್ಸೆ ಅದೇ. ಶುರುವಿನಲ್ಲೇ ತೂಕ ಇಳಿಸಿದರೆ ಮಾತ್ರೆ ಇಲ್ಲದೇ ನಾರ್ಮಲ್ ಹಂತಕ್ಕೆ ಬಂದವರಿದ್ದಾರೆ, ಹಾಗಾಗಿ ಕೈ ಚೆಲ್ಲಬೇಡಿ.

ಶಿವಮೊಗ್ಗ ಮೆಡಿಕಲ್ಸ್

ಮೇಡಂ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊರೊನಾಗೂ ಒಳ್ಳೇದು ಅಂತ ಎಲ್ಲೋ ಓದಿದೆ. ನಿಜವೇ? ಜನ ಬಂದು ಕೇಳಿದರೆ ಏನು ಹೇಳಲಿ?

ಮೈಸೂರು ಎಂಡೊ

ಅಮೆರಿಕದ ಕೋವಿಡ್-ಔಟ್ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 30 ದಾಟಿದವರಿಗೆ ಸೋಂಕಿನ ಆರಂಭದಲ್ಲೇ ಎರಡು ವಾರ ಮೆಟ್‌ಫಾರ್ಮಿನ್ ಕೊಟ್ಟರು. ಆ ಪ್ರಯೋಗ ಮುಖ್ಯವಾಗಿ ಅಳೆಯೋಕೆ ಹೊರಟಿದ್ದರಲ್ಲಿ ಅದು ಗೆಲ್ಲಲಿಲ್ಲ. ಆದರೆ ಮುಂದೆ ಲಾಂಗ್ ಕೋವಿಡ್ (ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಅಂತ ಗುರುತಿಸಲ್ಪಟ್ಟವರು ಶೇ. 41ರಷ್ಟು ಕಡಿಮೆ ಇದ್ದರು. ಒಳ್ಳೆಯ ಸುಳಿವು. ಹಾಗಂತ ಯಾರಿಗೂ ನೀವಾಗಿ ಕೊಡಬೇಡಿ. ಈಗಾಗಲೇ ತಗೊಳ್ತಿರುವವರು ಕೊರೊನಾ ಅಂತ ಹೆದರಿ ಬಿಡೋದು ಬೇಡ ಅಂತ ಹೇಳಿ ಸಾಕು.

ತಿಪಟೂರಿನವ

ಮೇಡಂ, ಇಷ್ಟೆಲ್ಲ ಓದಿ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಡಾಪಾಗ್ಲಿಫ್ಲೋಜಿನ್ 10. ಬಿಪಿಗೆ ಟೆಲ್ಮಿಸಾರ್ಟನ್. ಜ್ವರ ಬಂದರೆ ಇವನ್ನೆಲ್ಲ ಏನು ಮಾಡಬೇಕು? ಊಟ ಸೇರದೇ ಹೋದರೆ?

ಮೈಸೂರು ಎಂಡೊ

ಇದನ್ನು ಎಲ್ಲರ ಮನೆಯಲ್ಲೂ ಕಾಯಿಲೆ ಬರುವ ಮೊದಲೇ ಕೇಳಬೇಕು. ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಾನು ನನ್ನ ರೋಗಿಗಳಿಗೆ ಹೇಳೋದು ಹೀಗೆ.

ಡಾಪಾಗ್ಲಿಫ್ಲೋಜಿನ್ ಮತ್ತು ಅದೇ ಗುಂಪಿನ ಮಾತ್ರೆಗಳನ್ನು, ಜ್ವರ ಬಂದು ಊಟ ಸೇರದೇ ಇರುವಾಗ ಅಥವಾ ವಾಂತಿ-ಭೇದಿ ಇರುವಾಗ, ನಿಲ್ಲಿಸಲೇಬೇಕು. ಅವು ಮೂತ್ರದಲ್ಲಿ ಸಕ್ಕರೆ, ನೀರು ಎರಡನ್ನೂ ಹೊರಹಾಕ್ತವೆ. ಊಟ ಇಲ್ಲದಾಗ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರುವ ಆಮ್ಲ) ಏರಿ, ಗ್ಲುಕೋಮೀಟರ್ 180 ತೋರಿಸುತ್ತಿದ್ದರೂ ರೋಗಿ ಆಮ್ಲದ ಕಡೆ ಜಾರಬಹುದು. ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಶುಗರ್ ಕಡಿಮೆ ಇದೆ ಅಂತ ಕಾಯಬೇಡಿ. ವಾಂತಿ-ಭೇದಿ ಜೋರಿದ್ದರೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಕೂಡ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ಅದಕ್ಕೆ ಅವತ್ತೇ ಫೋನ್ ಮಾಡಿ. ಗ್ಲಿಮಿಪಿರೈಡ್ ತಗೊಂಡು ಊಟ ಬಿಟ್ಟರೆ ಶುಗರ್ ಲೋ ಆಗುತ್ತೆ. ಇನ್ಸುಲಿನ್ ತಗೊಳ್ಳೋರು ಇದನ್ನು ಓದುತ್ತಿದ್ದರೆ ಒಂದು ಮಾತು: ಊಟ ಮಾಡಿಲ್ಲ ಅಂತ ಇನ್ಸುಲಿನ್ ಪೂರ್ತಿ ಬಿಡಬೇಡಿ, ಪ್ರಮಾಣ ಕೇಳಿ ಬದಲಿಸಿ. ಟೈಪ್ 1 (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಡಯಾಬಿಟಿಸ್) ಇದ್ದವರಂತೂ ಯಾವ ಕಾರಣಕ್ಕೂ ಬಿಡುವ ಹಾಗಿಲ್ಲ.

ಜ್ವರ ಇರುವಷ್ಟು ದಿನ ಖಾಲಿ ಹೊಟ್ಟೆ, ಮೂರೂ ಊಟದ ನಂತರ ಶುಗರ್ ನೋಡಿ. ಆಕ್ಸಿಮೀಟರ್ ಇರಲಿ. ಕೂತಲ್ಲೇ 94ಕ್ಕಿಂತ ಕೆಳಗಿಳಿದರೆ, ಅಥವಾ ಮನೆಯೊಳಗೆ ಆರು ನಿಮಿಷ ನಡೆದಾಗ ಸುಸ್ತಾಗಿ ಇಳಿದರೆ ಆಸ್ಪತ್ರೆಗೆ. ಯಾರಾದರೂ ಸ್ಟೆರಾಯ್ಡ್ ಬರೆದರೆ ಎರಡು ಪ್ರಶ್ನೆ ಕೇಳಿ: ಆಕ್ಸಿಜನ್ ಬೇಕಾಗಿದೆಯಾ? ಶುಗರ್ ಏರಿದರೆ ಏನು ಮಾಡಬೇಕು? ಕೇಳೋದು ಅಗೌರವ ಅಲ್ಲ. ಅಪ್ಪನಿಗೆ ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ, ಫ್ಲೂ ಕೂಡ ಶುಗರ್‌ನವರಿಗೆ ಹಗುರ ಅಲ್ಲ.

2021ಕ್ಕೆ ಹೋಲಿಸಿದರೆ ಈಗಿನ ಸ್ಥಿತಿ ಬೇರೆಯೇ. ಲಸಿಕೆ ಆಗಿದೆ, ಹೆಚ್ಚು ಕಡಿಮೆ ಎಲ್ಲರಿಗೂ ಸೋಂಕು ಬಂದು ಹೋಗಿದೆ. ಅಮ್ಮನಿಗೆ ನೆಮ್ಮದಿಯಿಂದ ಮಲಗೋಕೆ ಹೇಳಿ.

ಧಾರವಾಡದಾಕಿ

ಆ ಎರಡು ಪ್ರಶ್ನಿ ನಾನು ಬರಕೊಂಡು ಅಡಗಿಮನಿ ಬಾಗಿಲಿಗೆ ಹಚ್ಚೇನಿ. ಗಲ್ಲ ನೋವು, ಮೂಗು ಒಂದ ಬದಿ ಕಟ್ಟೋದು, ಕಣ್ಣಿನ ಕೆಳಗ ಬಾವು, ಬಾಯಾಗಿನ ಅಂಗಳ ಕರ್ರಗ ಆಗೋದು, ಇವನ್ನೂ ಯಾರೂ ಹಲ್ಲಿಂದು, ನೆಗಡಿದು ಅಂತ ಬಿಡಬ್ಯಾಡ್ರಿ.

ತಿಪಟೂರಿನವ

ತಮ್ಮನನ್ನು ಬಲವಂತ ಮಾಡಿ ಲ್ಯಾಬಿಗೆ ಕರ್ಕೊಂಡು ಹೋಗಿದ್ದೆ. ಎಚ್‌ಬಿಎ1ಸಿ 6.3. ದಾರ ಸುತ್ತಿ ನೋಡಿದ್ವಿ, ಎರಡು ತುದಿ ಸೇರಲಿಲ್ಲ. ಈಗ ಅವನೇ ಕೇಳ್ತಿದಾನೆ, ಎಷ್ಟು ಇಳಿಸಬೇಕು ಅಂತ.

ಮೈಸೂರು ಎಂಡೊ

5.7ರಿಂದ 6.4 ಅಂಚಿನ ಹಂತ. ಇಷ್ಟು ಬೇಗ ನೋಡಿದ್ದು ಒಳ್ಳೆಯದಾಯ್ತು. ಅಮೆರಿಕದಲ್ಲಿ ಇಂಥವರನ್ನೇ ಇಟ್ಟುಕೊಂಡು ಮಾಡಿದ ದೊಡ್ಡ ಪ್ರಯೋಗದಲ್ಲಿ ತೂಕದ ಶೇ. 7ರಷ್ಟು ಇಳಿಸೋದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯೋದು ಗುರಿ ಆಗಿತ್ತು. ಡಯಾಬಿಟಿಸ್‌ಗೆ ತಿರುಗಿದವರ ಸಂಖ್ಯೆ ಶೇ. 58ರಷ್ಟು ಇಳಿಯಿತು. ನಿಮ್ಮ ತಮ್ಮನಿಗೆ ಅದು ಸುಮಾರು 7 ಕಿಲೋ. ಆರು ತಿಂಗಳು ತಗೊಳ್ಳಲಿ. ರಾತ್ರಿ ಅನ್ನದ ಅರ್ಧ ಜಾಗಕ್ಕೆ ಪಲ್ಯ, ಕಾಳು ಬರಲಿ, ಟೀಗೆ ಸಕ್ಕರೆ ನಿಲ್ಲಲಿ. ಬಿಪಿಯನ್ನೂ ಒಮ್ಮೆ ನೋಡಿಸಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ ಇಲ್ಲೇ ಹಾಕಿ, ನೋಡೋಣ.